ಕೋಳಿ ಹಿಡಿದು ಬಂದವರು

ಕೆಹುಯಿ ದ್ವೀಪ
ಜೂನ್ 2, 1958

ಅರ್ತೆಮಿಯೋ,

ನೀನು ಆರೋಗ್ಯವಾಗಿದ್ದೀಯೆಂದು ಕೇಳಿ ತಿಳಿದೆ. ಸೊಂಟ ಹೇಗಿದೆ? ಉಣ್ಣೆ ಕತ್ತರಿಸುವ ಕಾಲ ಮುಗಿದ ಮೇಲೆಯೇ ನಿನಗೆ ಎಡಗಡೆ ಹಿಡಿದುಕೊಳ್ಳುವುದು. ಬಿಸಿ ಉಪ್ಪಿನ ಗಂಟು ಇಟ್ಟುಕೋ, ಇಡುವವರಿದ್ದರೆ ಇಡಿಸಿಕೋ. ನಾನು ಚೆನ್ನಾಗಿದ್ದೇನೆ. ನಿನ್ನ ಅಮ್ಮನ ಮಂಡಿ ಮಳೆ ಬಂದಾಗ ಮಾತ್ರ ನೋಯುತ್ತದೆ. ಇಲ್ಲಿ ಮಳೆ ಬಾರದ ದಿನ ಯಾವುದು ಎಂದು ನಿನಗೇ ಗೊತ್ತು. ಆಲೂಗಡ್ಡೆ ಅಗೆದು ಒಳಗೆ ಹಾಕಿದ್ದಾಯಿತು. ಸೇಬು ಈ ಸಲ ಹುಳಿ, ಆದರೆ ಹಿಂಡಿಟ್ಟ ಮದ್ಯ ಚೆನ್ನಾಗಿ ಬಂದಿದೆ.

ನಿನ್ನ ಗೆಳೆಯ ಬಾಲ್ದೊ ಚಿಗುವಾಯ್ ಕೊಟ್ಟ ವಿಳಾಸಕ್ಕೆ ಈ ಕಾಗದ ಹಾಕುತ್ತಿದ್ದೇನೆ. ಉಣ್ಣೆ ಕತ್ತರಿಸಲು ಹೋದವರ ಹಡಗು ಮಾರ್ಚಿನಲ್ಲಿ ಬಂತು. ಮೂರನೆಯ ವರ್ಷವೂ ದಡಕ್ಕೆ ಹೋಗಿ ನಿಂತೆ. ಬಾಲ್ದೊ ಇಳಿದ, ನೀನು ಇಳಿಯಲಿಲ್ಲ. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, "ಅತ್ತಿಗೆ, ಸುಳ್ಳು ಹೇಳಕ್ಕೆ ನಂಗೆ ಬರಲ್ಲ" ಎಂದು ಶುರುಮಾಡಿದ. ರಿಯೊ ಗಾಯೆಗೋಸ್ ಊರಿನ ಅಂಚಿನಲ್ಲಿ ಒಂದು ತಗಡಿನ ಮನೆ, ಅದರ ಹಿತ್ತಲಲ್ಲಿ ನೀನು ಕೋಳಿಗಳಿಗೆ ಗೋಧಿ ಎರಚುತ್ತಿದ್ದೆಯಂತೆ. ಒಳಗಿನಿಂದ ಹೆಂಗಸೊಬ್ಬಳು ಹೆಸರು ಹಿಡಿದು ಊಟಕ್ಕೆ ಕರೆದಳಂತೆ, ನೀನು ಕೈ ಒರೆಸಿಕೊಂಡು ಒಳಗೆ ಹೋದೆಯಂತೆ. ಹೆಂಗಸಿನ ಮಾತು ಕಿವಿಗೆ ಬಿತ್ತು, ಅಷ್ಟೆ. ಕೋಳಿಯ ಮಾತು ಒಳಗಿಳಿಯಿತು. ಇಲ್ಲಿದ್ದಷ್ಟು ದಿನ ನೀನು ಒಂದು ಹಿಡಿ ತೌಡು ಎರಚಿದವನಲ್ಲ. "ಕೋಳಿ ಹೆಂಗಸ್ರ ಕೆಲ್ಸ ಕಣೇ" ಅನ್ನುತ್ತಿದ್ದೆ. ನಾನು ಅತ್ತಿರಬೇಕು ಅಂದುಕೊಳ್ಳಬೇಡ, ಅಳು ಬರಲಿಲ್ಲ. ಚಳಿಗಾಲದಲ್ಲಿ ನೀರು ಇಳಿದಾಗ ಮರಳು ಕೆದಕಿ ಚಿಪ್ಪು ಆರಿಸಿ ಬಂದ ಮೇಲೆ ಕೈ ಹೇಗಿರುತ್ತದೆ, ಹಾಗಿದ್ದೇನೆ. ಚಾಕು ತಗುಲಿದರೂ ರಕ್ತ ಕಂಡ ಮೇಲೆಯೇ ಗೊತ್ತಾಗುವುದು.

ಅದಾದ ಸ್ವಲ್ಪ ದಿನಕ್ಕೆ ಕೋಳಿಗಳಿಗೆ ರೋಗ ಬಂತು. ಮೊದಲು ಹೋದದ್ದು ಆ ಕೆಂಪು ಹೇಂಟೆ, ನೀಲಿ ಮೊಟ್ಟೆ ಇಡುತ್ತಿತ್ತಲ್ಲ, ಅದೇ. ರೆಕ್ಕೆ ಜೋತುಬಿದ್ದು, ಕುತ್ತಿಗೆ ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತ ಸತ್ತಿತು. ಅತ್ತೆ ಬೆಳ್ಳುಳ್ಳಿ ಅರೆದು ಒಂದೊಂದರ ಬಾಯಿ ಬಿಡಿಸಿ ನುಂಗಿಸಿದರು. ಏನೂ ನಾಟಲಿಲ್ಲ. ಒಂದರ ಹಿಂದೆ ಒಂದು ಎಲ್ಲ ಹೋದವು, ಕೊನೆಗೆ ಹುಂಜವೂ ಹೋಯಿತು. ಪುಣ್ಯಕ್ಕೆ ರೋಗ ನಮ್ಮ ಬೇಲಿ ದಾಟಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ಸುರಿದು ಮುಚ್ಚಿದೆ. ಗೂಡಿನ ಹಲಗೆ ಕಿತ್ತು ಸುಟ್ಟೆ, ನೆಲ ಕೆರೆದೆ, ಹೊಸ ಹಲಗೆ ಹೊಡೆದು ಸುಣ್ಣ ಬಳಿದು ಗಾಳಿಗೆ ಬಿಟ್ಟೆ. ಬೆಳಗ್ಗೆ ಎದ್ದರೆ ಕೈ ತಾನಾಗಿ ಸಣ್ಣ ಆಲೂಗಡ್ಡೆ ಬೇಯಿಸಿ, ಹಿಸುಕಿ, ತೌಡು ಕಲಸುತ್ತಿತ್ತು. ಪಾತ್ರೆ ಹಿಡಿದು ಹಿತ್ತಲಿಗೆ ಹೋಗಿ ನಿಂತ ಮೇಲೆ ನೆನಪಾಗುತ್ತಿತ್ತು. ಹಂದಿಗೆ ಸುರಿದು ಒಳಗೆ ಬರುತ್ತಿದ್ದೆ.

ಕೊನೆಗೆ ಒಂದು ದಿನ ಅತ್ತೆ, "ಎಷ್ಟು ದಿನ ಅಂತ ಹಂದಿಗೆ ಹಾಕ್ತೀಯ, ಮೆದಾನ್ ಕರಿಯೇ" ಎಂದರು. ನಮ್ಮ ಮದುವೆಯ ವರ್ಷ ಕರೆದ ಮೆದಾನ್ ನಿನಗೆ ನೆನಪಿರಬೇಕು. ನಾವು ಊಟ ಹಾಕಿದೆವು, ಬಂದವರೆಲ್ಲ ಮನೆಗೊಂದು ಕೋಳಿ ತಂದುಕೊಟ್ಟು ಉಂಡು ಕುಣಿದು ಹೋದರು. ಈಗ ಸತ್ತವು ಆ ಕೋಳಿಗಳ ಮರಿಮೊಮ್ಮಕ್ಕಳೇ. ಸರಿ, ಕರೆಯಲು ಹೊರಟೆ. ಕರೆಯುವ ಕ್ರಮ ನಿನಗೆ ಗೊತ್ತು: ಮನೆಯ ಗಂಡಸಿನ ಹೆಸರು ಹೇಳಿ ಕರೆಯಬೇಕು. ಅವನು ದೂರದಲ್ಲಿದ್ದರೂ ಅಷ್ಟೆ. ಗಂಡ ಸಮುದ್ರದ ಪಾಲಾದವಳು ಕೂಡ ವರ್ಷ ತುಂಬುವ ತನಕ ಅವನ ಹೆಸರಿನಲ್ಲೇ ಕರೆಯುತ್ತಾಳೆ. ನಾನು ಗುಡ್ಡದ ಮೇಲಿನ ಕ್ಲೊರಿಂದಜ್ಜಿಯ ಬಾಗಿಲಲ್ಲಿ ನಿಂತು, "ಶನಿವಾರ ಓತಿಲಿಯಾ ಮನೇಲಿ ಮೆದಾನ್, ಬನ್ನಿ" ಎಂದೆ. ಬೇಕೆಂದು ಹಾಗೆ ಹೇಳಿದ್ದಲ್ಲ. ನಿನ್ನ ಹೆಸರು ಬಾಯಿಗೆ ಬರಲೇ ಇಲ್ಲ, ನನ್ನದೇ ಬಂತು. ಅಜ್ಜಿ ಉಣ್ಣೆ ನೂಲುತ್ತಿದ್ದ ಕೈ ನಿಲ್ಲಿಸಿ, "ಯಾರ ಮನೇಲಿ ಅಂದೆ?" ಎಂದು ಕೇಳಿದಳು. ಕಿವಿ ಮಂದವಾಗಿದೆ ಎಂದುಕೊಂಡು ಇನ್ನೂ ಗಟ್ಟಿಯಾಗಿ ಅದನ್ನೇ ಹೇಳಿದೆ. ಅವಳು ನನ್ನ ಮುಖ ನೋಡಿ, "ಬರ್ತೀನಿ ಮಗಳೇ, ಬರ್ದೇ ಇರ್ತೀನಾ" ಎಂದಳು.

ಏನು ಹೇಳಿದೆ ಎಂದು ನನಗೆ ಹೊಳೆದದ್ದು ಗುಡ್ಡ ಇಳಿಯುವಾಗ. ಅಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ನಡೆದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಓತಿಲಿಯಾ ಗಂಡನನ್ನು ಬಿಟ್ಟಳು, ಮನೆಯನ್ನು ತನ್ನ ಹೆಸರಿಗೆ ಮಾಡಿಕೊಂಡಳು ಎಂದು ದ್ವೀಪವೆಲ್ಲ ತಿಳಿದುಕೊಂಡಿತು. ತಿರುಗಿ ಹೋಗಿ ಸರಿಪಡಿಸಬಹುದಿತ್ತು. ನಿಂತು ಯೋಚಿಸಿದೆ. ಮೈಯಲ್ಲಿ ಎಲ್ಲೂ ನೋವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಮುಂದಿನ ಮನೆಗಳಲ್ಲಿ ಅದೇ ಮಾತನ್ನೇ ಹೇಳುತ್ತ ಹೋದೆ. ಅತ್ತೆಗೆ ಮಾತ್ರ ಹೇಳಲಾಗಲಿಲ್ಲ. ಅವರಿಗೆ ಹೇಗೂ ತಿಳಿದಿತ್ತು. ಆ ವಾರವೆಲ್ಲ ನನ್ನ ಜೊತೆ ಉಪ್ಪು ಖಾರಕ್ಕೆ ಬೇಕಾದಷ್ಟೇ ಮಾತು. ಅವರ ಮನೆ, ಅವರ ಮಗ, ನಾನು ಹೊರಗಿನಿಂದ ಬಂದವಳು. ಗಂಟು ಕಟ್ಟು ಎಂದರೆ ಎಲ್ಲಿಗೆ ಹೋಗಲಿ ಎಂಬುದೊಂದೇ ಚಿಂತೆ. ಅದೂ ಪಕ್ಕದ ಮನೆಯವರ ಚಿಂತೆಯ ಹಾಗೆ ದೂರದಲ್ಲಿತ್ತು.

ಶನಿವಾರ ಕುರಿ ಕೊಯ್ದೆವು. ಆಲೂಗಡ್ಡೆ ತುರಿದು, ಹಿಂಡಿ, ಹಂದಿಯ ಕೊಬ್ಬು ಸೇರಿಸಿ ರೊಟ್ಟಿ ತಟ್ಟಿದೆ. ಯಾರೂ ಬರುವುದಿಲ್ಲ ಅಂದುಕೊಂಡಿದ್ದೆ, ಎಲ್ಲರೂ ಬಂದರು. ಶಾಲಿನೊಳಗಿಂದ, ಬುಟ್ಟಿಯೊಳಗಿಂದ ಹೇಂಟೆಗಳ ತಲೆ ಇಣುಕುತ್ತಿದ್ದವು. ಬಾಲ್ದೊ ಒಂದು ಕಂಕುಳಲ್ಲಿ ಅಕಾರ್ಡಿಯನ್, ಇನ್ನೊಂದರಲ್ಲಿ ದೊಡ್ಡದೊಂದು ಹುಂಜ ಹಿಡಿದು ಬಂದ. "ಹೇಂಟೆ ಎಲ್ರೂ ತರ್ತಾರೆ ಅತ್ತಿಗೆ, ಈ ಮನೇಲಿ ಇಲ್ದೇ ಇರೋದು ಹುಂಜ ಅಲ್ವಾ" ಅಂದ. ಅಂದ ಮೇಲೆ ಅವನಿಗೇ ಗೊತ್ತಾಗಿ ಕಿವಿಯವರೆಗೂ ಕೆಂಪಾದ. ಕ್ಲೊರಿಂದಜ್ಜಿಯೇ, "ಇರ್ಲಿ ಬಿಡು, ಇದಾದ್ರೂ ಕತ್ಲಾದ್ರೆ ಮನೆಗೆ ಬರುತ್ತೆ" ಎಂದಳು. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ.

ಆಗ ನೋಡಿದರೆ ಒಲೆಯ ಹತ್ತಿರ ಅತ್ತೆ ಇಲ್ಲ. ಹಿಂದಿನ ಬಾಗಿಲು ತೆರೆದಿತ್ತು, ಅವರ ಕರಿ ಶಾಲು ಮೊಳೆಯಲ್ಲಿರಲಿಲ್ಲ. ಸಿಟ್ಟಾಗಿ ತಂಗಿಯ ಮನೆಗೆ ಹೋದರು, ಇನ್ನು ಮುಗಿಯಿತು ಎಂದುಕೊಂಡೆ. ಊಟ ಬಡಿಸುವ ಹೊತ್ತಿಗೆ ಮುಂದಿನ ಬಾಗಿಲು ತಟ್ಟಿದ ಸದ್ದಾಯಿತು. ಮೆದಾನ್ ದಿನ ಬಾಗಿಲು ತೆರೆದೇ ಇರುತ್ತದೆ, ಯಾರೂ ತಟ್ಟುವುದಿಲ್ಲ. "ಮನೇಲಿ ಯಾರಿದ್ದೀರಿ?" ಎಂದು ಕರೆದ ದನಿ ಅತ್ತೆಯದು. ಮದುವೆಯಾಗಿ ಬಂದಂದಿನಿಂದ ತಾವೇ ಸಾರಿಸಿ ಒರೆಸಿದ ಹೊಸ್ತಿಲಾಚೆ ಮಳೆಯಲ್ಲಿ ನೆನೆಯುತ್ತ ನಿಂತಿದ್ದರು. ಶಾಲಿನೊಳಗೆ ತಂಗಿಯ ಮನೆಯಿಂದ ತಂದ ಚುಕ್ಕೆ ಹೇಂಟೆ. "ತಗೋಳಮ್ಮ ಓತಿಲಿಯಾ, ನಿನ್ ಮನೆಗೆ ನಂದೂ ಒಂದಿರ್ಲಿ. ಒಲೆ ಹತ್ರ ನಂಗೂ ಒಂಚೂರು ಜಾಗ ಕೊಡ್ತೀಯಲ್ಲ?" ಎಂದರು. ಕೋಳಿಯನ್ನು ಕೈಗೆ ತೆಗೆದುಕೊಂಡೆ. ನೆನೆದ ಪುಕ್ಕದ ಕೆಳಗೆ ಅದರ ಎದೆ ಬಿಸಿಯಾಗಿ ಹೊಡೆದುಕೊಳ್ಳುತ್ತಿತ್ತು. ಆಗ ನನ್ನ ಕೈ ನೋಯತೊಡಗಿತು, ನಿಜವಾಗಿಯೂ ನೋಯಿತು. "ಒಳಗೆ ಬನ್ನಿ ಅತ್ತೆ" ಎಂದೆ.

ಉಂಡ ಮೇಲೆ ಅವರೇ ಒಂದೊಂದು ಕೋಳಿಯನ್ನೂ ಎತ್ತಿಕೊಂಡು ಒಲೆಯ ಸುತ್ತ ಮೂರು ಸುತ್ತು ಬಂದರು, ಹಳೆಯ ಮನೆ ಮರೆಯಲಿ ಎಂದು. ನಾನು ಮದುಮಗಳಾಗಿ ಬಂದ ದಿನ ನನ್ನ ಕೈ ಹಿಡಿದು ಹೀಗೇ ಸುತ್ತಿಸಿ, "ಇನ್ನು ಇವ್ಳು ಓಡಿಹೋಗಲ್ಲ" ಎಂದು ಎಲ್ಲರನ್ನೂ ನಗಿಸಿದ್ದರಲ್ಲ. ಆ ಚುಕ್ಕೆ ಹೇಂಟೆಯನ್ನು ಕೊನೆಗೆ ಸುತ್ತಿಸಿ ಕೆಳಗೆ ಬಿಡುತ್ತ, "ಇಲ್ಲೇ ಹುಟ್ದೋನು ಅಂತ ನನ್ ಮಗನ್ನ ಸುತ್ತಿಸ್ಲಿಲ್ಲ ನೋಡು" ಅಂದರು.

ಈಗ ಕೋಳಿಗಳು ಹೊಂದಿಕೊಂಡಿವೆ. ಕ್ಲೊರಿಂದಜ್ಜಿಯ ಕರಿಯದು ಮಾತ್ರ ಸಂಜೆಯಾದರೆ ಗುಡ್ಡ ಹತ್ತಿ ತವರಿಗೆ ಹೋಗುತ್ತದೆ, ಬೆಳಗ್ಗೆ ಅಜ್ಜಿ ಬೈಯುತ್ತ ತಂದುಬಿಡುತ್ತಾಳೆ. ಬಾಲ್ದೊನ ಹುಂಜಕ್ಕೆ ಕೂಗುವುದೊಂದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ವಸಂತಕ್ಕೆ ಎರಡನ್ನು ಕಾವಿಗೆ ಕೂರಿಸಬೇಕು. ಹುಟ್ಟುವ ಹುಂಜಮರಿಗಳೆಲ್ಲ ಸಾರಿಗೆ. ಜೂನಿನ ಚಳಿಗೆ ಮೊಟ್ಟೆ ಕಡಿಮೆ, ಆದರೂ ಮೊನ್ನೆ ಚುಕ್ಕೆ ಹೇಂಟೆ ಒಂದು ನೀಲಿ ಮೊಟ್ಟೆ ಇಟ್ಟಿತು. ಕರಿದು ಅತ್ತೆಗೆ ಅರ್ಧ ಕೊಟ್ಟು ಅರ್ಧ ನಾನು ತಿಂದೆ. ಸಂತೋಷವೇನೂ ಆಗಲಿಲ್ಲ. ಹಸಿವಾಗಿತ್ತು, ತಿಂದೆ. ಹಸಿವು ಎಂದು ಗೊತ್ತಾದದ್ದೇ ಬಹಳ ದಿನಗಳ ಮೇಲೆ.

ಅಲ್ಲಿಯ ಕೋಳಿಗಳಿಗೆ ಬರೀ ಗೋಧಿ ಹಾಕಬೇಡ, ಮೊಟ್ಟೆಯ ಸಿಪ್ಪೆ ತೆಳ್ಳಗಾಗುತ್ತದೆ. ಸಮುದ್ರದ ಚಿಪ್ಪು ಕುಟ್ಟಿ ಪುಡಿ ಮಾಡಿ ಬೆರೆಸು. ಅವಳಿಗೂ ಹೇಳು. ಕೋಳಿಗಳು ಏನು ತಪ್ಪು ಮಾಡಿವೆ.

ಏನಾದರೂ ಬರೆಯಲೇ ಎಂದು ಅತ್ತೆಯನ್ನು ಕೇಳಿದೆ. ಕೈಯಲ್ಲಿದ್ದ ಆಲೂಗಡ್ಡೆ ಸುಲಿದು ಮುಗಿಸಿದರು. ಆಮೇಲೆ, "ಬೆಚ್ಚಗಿರು ಅಂತ ಬರಿ" ಅಂದರು. ಬೆಚ್ಚಗಿರು. ದೇವರು ನಿನ್ನನ್ನು ಕಾಯಲಿ.

ಓತಿಲಿಯಾ

ಇನ್ನೊಂದು ಮಾತು, ಕಾಗದ ಒಯ್ಯುವ ದೋಣಿಯವನು ಕೂಗುತ್ತಿದ್ದಾನೆ. ವಸಂತಕ್ಕೆ ಊರಿಗೆ ಬಂದರೂ ಬಂದೇನು ಎಂದು ಬಾಲ್ದೊಗೆ ಹೇಳಿದ್ದೆಯಂತೆ. ಬಾ, ಯಾರೂ ತಡೆಯುವುದಿಲ್ಲ, ಊಟವಿರುತ್ತದೆ. ಆದರೆ ಹಿಂದಿನ ಬಾಗಿಲಿಂದ ನುಗ್ಗಬೇಡ. ಮುಂದಿನ ಬಾಗಿಲು ತಟ್ಟಿ, ಮನೆಯಲ್ಲಿ ಯಾರಿದ್ದೀರಿ ಎಂದು ಕೇಳು. ಕೈಯಲ್ಲಿ ಒಂದು ಹೇಂಟೆ ಇರಲಿ, ನಿನ್ನ ಅಮ್ಮನೂ ಹಾಗೆಯೇ ಬಂದರು. ಹುಂಜ ತರಬೇಡ, ಒಂದಿದೆ.