ಫ್ಯಾನಿನ ಕೆಳಗೆ ಅಳೆದ ಅಂಟು

ಮೇ 6, ಬೆಳಿಗ್ಗೆ 9
ಡ್ರಮ್ಮು ಮತ್ತೆ ತಿರುಗುತ್ತಿದೆ, ಕಂಪ್ಯೂಟರಿನಲ್ಲಿ. ನಲವತ್ತು ಸಾವಿರ ಗುಳಿಗೆ, ಮೇಲಿಂದ ಬಣ್ಣದ ಲೇಪದ ಸಿಂಪರಣೆ. ಹಸಿ ಗುಳಿಗೆ ಏರುತ್ತದೆ, ಜಾರುತ್ತದೆ, ಒಣಗುತ್ತದೆ. ಒಂದಕ್ಕೊಂದು ಅಂಟುವುದೇ ಇಲ್ಲ. ಕೆಳಗೆ ಫ್ಯಾಕ್ಟರಿಯ ನಿಜವಾದ ಡ್ರಮ್ಮಿನಲ್ಲಿ ಮಾತ್ರ ಜೋಡಿ ಜೋಡಿಯಾಗಿ ಅಂಟಿಕೊಂಡು ಬರುತ್ತಿವೆ. ಮೂರು ಬ್ಯಾಚ್ ಹಾಳು. ಯಾಕಿರಬಹುದು? ತಲೆ ಕೆಡುತ್ತಿದೆ, ಮಜಾನೂ ಬರುತ್ತಿದೆ.

ಮೇ 7
ಮಜಾ ಹೋಯಿತು. ಮ್ಯಾನೇಜರ್ ಶರಣಯ್ಯ ಸರ್ ನನ್ನ ರಿಪೋರ್ಟ್ ಓದಿ, “ಕಾವ್ಯಾ, ನೀವು ಕೊಟ್ಟ ಸೆಟ್ಟಿಂಗ್ ಬರೋಬ್ಬರಿ ಅದ. ಹಂಗಾರ ಸಾಬಣ್ಣನ ಲೇಪ ಜಾಸ್ತಿ ಹೊಡದಾನ,” ಎಂದರು. ಸಾಬಣ್ಣ ಡ್ರಮ್ಮಿನ ಆಪರೇಟರ್. ಹನ್ನೊಂದು ವರ್ಷದಿಂದ ದೇವದುರ್ಗದಿಂದ ರಾಯಚೂರಿಗೆ ಬಸ್ಸಿನಲ್ಲಿ ಓಡಾಡುತ್ತಾರೆ. ಮೆಮೊ ಕೊಟ್ಟಾಯಿತು. ಹನ್ನೆರಡನೇ ತಾರೀಕು ವಿಚಾರಣೆ. ಕೆಲಸವೇ ಹೋಗಬಹುದು. ನಾನು ಅವರ ಹೆಸರು ಬರೆದಿರಲಿಲ್ಲ... ಆದರೂ ಬೊಟ್ಟು ಮಾಡಿದ್ದು ನಾನೇ.

ಮೇ 8
ಸಾಬಣ್ಣನನ್ನು ಕಂಡೆ. ಸಿಟ್ಟಾಗಿರಲಿಲ್ಲ. ಅದೇ ಕಷ್ಟವಾಯಿತು.
“ನೀವು ಹೇಳಿದಷ್ಟ ಹೊಡದೀನ್ರಿ ಮೇಡಂ. ಹಸಿ ಗುಳಿಗಿ ಎಷ್ಟು ಅಂಟತಾವ ಅಂತ ನಿಮ್ಮ ಕಂಪ್ಯೂಟರಿಗೆ ಹೆಂಗ ಗೊತ್ತಾತ್ರಿ?”
“ನಾನ ಅಳದು ಕೊಟ್ಟೀನ್ರಿ. ಎರಡು ಗುಳಿಗಿ ನಡುವ ಲೇಪದ್ದು ಒಂದು ಹನಿ. ಎಳದು ಬಿಡಸಾಕ ಎಷ್ಟು ಜೋರು ಬೇಕು, ಅಷ್ಟ.”
“ಎಲ್ಲಿ ಕುಂತು ಅಳದ್ರಿ?”
“ನನ್ನ ಟೇಬಲ್ ಮ್ಯಾಲ.”
ತಲೆಯಾಡಿಸಿ ಕೆಲಸಕ್ಕೆ ಹೋದರು. ಎಲ್ಲಿ ಕುಂತರೇನು?

ಮೇ 10, ಮಾನ್ವಿ
ಭಾನುವಾರ. ತವರು. ಬಿಸಿಲಿಗೆ ಹಾಕಿದರೆ ಮಂಗ ಬಿಡುವುದಿಲ್ಲ ಅಂತ ಅವ್ವ ನಡುಮನೆಯಲ್ಲಿ, ಫ್ಯಾನಿನ ಕೆಳಗೇ ಸಂಡಿಗೆ ಹಾಕುತ್ತಿದ್ದಳು. ಕರೆಂಟ್ ಹೋಯಿತು. ಆಮೇಲೆ ಹಾಕಿದವನ್ನು ಎತ್ತಲು ಹೋದರೆ ಮೂರು ಒಟ್ಟಿಗೇ ಎದ್ದು ಬಂದವು.
“ಫ್ಯಾನ್ ನಿಂತ್ರ ಹಿಂಗ ನೋಡು. ಒಂದಕ್ಕೊಂದು ಹತ್ತಿಕೊಂಡು ಕುಂದರ್ತಾವ.”
ಕುಡಿಯುತ್ತಿದ್ದ ಚಹಾ ಅಲ್ಲೇ ಇಟ್ಟೆ. ನನ್ನ ಟೇಬಲ್ಲಿನ ಮೇಲೆ ಫ್ಯಾನಿದೆ, ಯಾವಾಗಲೂ ಐದನೇ ಸ್ಪೀಡಿನಲ್ಲಿ. ಮೇ ತಿಂಗಳು, ರಾಯಚೂರು, ಫ್ಯಾನ್ ಆರಿಸಿ ಯಾರು ಕೂರುತ್ತಾರೆ? ಎಳೆಯುವ ಮೊದಲೇ ಹನಿ ಒಣಗುತ್ತಿತ್ತು. ಕಂಪ್ಯೂಟರಿನಲ್ಲಿ ಡ್ರಮ್ಮಿನ ಬಿಸಿಗಾಳಿ ಒಣಗಿಸುವ ಲೆಕ್ಕ ಬೇರೆ ಹಾಕಿದ್ದೆ. ಒಂದೇ ಹನಿಯನ್ನು ಎರಡು ಸಲ ಒಣಗಿಸಿದ್ದೇನೆ.

ಮೇ 11
ಫ್ಯಾನ್ ಆರಿಸಿ ಅಳೆದೆ. ಬೆವರು ಕಣ್ಣಿಗಿಳಿಯಿತು. ಅಂಟು ಮೂರು ಪಟ್ಟು. ಹೊಸ ಅಂಕಿ ಹಾಕಿ ಡ್ರಮ್ಮು ತಿರುಗಿಸಿದೆ. ಅಂಚಿನಲ್ಲಿ, ಗುಳಿಗೆ ನಿಧಾನವಾಗುವ ಕಡೆ, ಮೊದಲ ಜೋಡಿ ಅಂಟಿತು. ಆಮೇಲೆ ಹತ್ತು. ಆಮೇಲೆ ನೂರಾರು. ನೋಡಲು ಎಷ್ಟು ಚೆಂದ ಇತ್ತು... ನಾಚಿಕೆಯೂ ಆಯಿತು. ಸೆಟ್ಟಿಂಗೇ ತಪ್ಪು. ಕೊಟ್ಟವಳು ನಾನು. ನನ್ನ ಪ್ರೊಬೇಷನ್ ಮುಗಿಯಲು ಇನ್ನೂ ಒಂದು ತಿಂಗಳಿದೆ. ಭಯವಾಗುತ್ತಿದೆ.

ಮೇ 12, ಬೆಳಿಗ್ಗೆ 10:40
ವಿಚಾರಣೆ ಕೋಣೆಯ ಹೊರಗೆ, ಬೆಂಚಿನ ಮೇಲೆ. ಸಾಬಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದಾರೆ. ಲ್ಯಾಪ್‌ಟಾಪ್ ತೋರಿಸಿದೆ. ಬಗ್ಗಿ ನೋಡಿದರು.
“ಇದ ಜಾಗಾ ನೋಡ್ರಿ. ಇಲ್ಲೇ ಸಪ್ಪಳ ಬ್ಯಾರೆ ಆಗತಿತ್ತು.” ಪರದೆಯಿಂದ ಕಣ್ಣೆತ್ತಿ, “ಇದನ್ನ ಒಳಗ ತೋರಿಸಿದ್ರ ನಿಮ್ಮ ನೌಕರಿ ಗತಿ ಏನ್ರಿ?”
ಗೊತ್ತಿಲ್ಲ ಅಂದೆ.
ಸಾಬಣ್ಣನ ಹೆಸರು ಕರೆಯುತ್ತಿದ್ದಾರೆ. ಎದ್ದರು. “ನೀವು ಕುಂದರ್ರಿ, ಮೊದಲ ನಾನು ಹೋಗ್ತೀನಿ,” ಅಂದೆ. ಲ್ಯಾಪ್‌ಟಾಪ್ ಎತ್ತಿಕೊಂಡಿದ್ದೇನೆ.