ಕಂಪ್ಯೂಟರಿನ ಹೆಸರು ಬದಲಿ ಮಾಡೀನಿ

ಅವ್ವಗ ಭಾಳ ಜಡ್ಡಾಗೇದ ಅಂತ ಲಕ್ಷ್ಮೇಶ್ವರದಿಂದ ಖಬರ ಬಂತು. ನಿಮ್ಮ ದಾರಿ ಕಾಯಲಿಕ್ಕೆ ಆಗಲಿಲ್ಲ, ಈಗಿನ ಬಸ್ಸಿಗೇ ಹೊಂಟೀನಿ.

ಭಕ್ರಿ ಬುಟ್ಟ್ಯಾಗ ಅವ. ಝುಣಕಾ ಬಿಸಿ ಮಾಡ್ಕೋರಿ. ಅತ್ತಿಯವರು ಮಠಕ್ಕ ಹೋಗ್ಯಾರ, ಬಂದಮ್ಯಾಲೆ ನೆನಪಿಲೆ ಗುಳಗಿ ಕೊಡ್ರಿ.

ನೀವು ಹೇಳಿದ್ಹಂಗ ಕಂಪ್ಯೂಟರಿನ ಹೆಸರು ಬದಲಿ ಮಾಡೀನಿ. ಕಲಿಯೋ ಮುಂದ ನಾ ಅದಕ್ಕ ಚಂಪಾ ಅಂತ ನನ್ನ ತವರಿನ ಹೆಸರು ಇಟ್ಟದ್ದು ನಿಮಗ ಸೇರಿರಲಿಲ್ಲ. ಈಗ ನಿಮ್ಮ ಮನಿದೇವರ ಹೆಸರು ಕೊಟ್ಟೀನಿ. ಇನ್ನರೆ ಸಿಟ್ಟು ಬಿಡ್ರಿ.

ಆದ್ರ ಒಂದು ಮಾತು. ಹಳೇ ಹೆಸರು ತಗಿಯೋ ಮುಂದ ಆ ಕಂಪ್ಯೂಟರು, "ಅಳಸಲೋ ಬ್ಯಾಡೋ?" ಅಂತ ನನ್ನ ಕೇಳ್ತು. ನನ್ನ ಬೆರಳು ಅಲ್ಲೇ ನಿಂತುಬಿಡ್ತು. ಲಗ್ನದಾಗ ನೀವು ತಾಟಿನ ಅಕ್ಕಿ ಮ್ಯಾಲೆ ಉಂಗುರಲೆ ನನ್ನ ಹೊಸಾ ಹೆಸರು ಬರದ್ರಿ. ಬರಿಯೋಕಿಂತ ಮೊದಲ ನೀವಾಗಲಿ, ಅತ್ತಿಯವರಾಗಲಿ, ಯಾರೂ ನನ್ನ ಒಂದು ಮಾತು ಕೇಳಲಿಲ್ಲ.

ಈಗ ನನ್ನ ಚಂಪಾ ಅಂತ ಕರಿಯೋರು ಅವ್ವ ಒಬ್ಬಾಕೀನೇ. ಬೆಳಿಗ್ಗಿಂದ ಆಕೀ ಮಾತು ತೊದಲಲಿಕ್ಕೆ ಹತ್ತೇದಂತ. ನಾ ಹೋಗಿ ಮುಟ್ಟೋತನಕರೆ ಆಕೀ ಬಾಯಾಗ ಆ ಹೆಸರು ಉಳೀಲಿ.

ಕೀಲಿ ಬಾಜೂಮನಿ ಕಮಲಾಬಾಯಿಯವರ ಕಡೆ ಕೊಟ್ಟೀನಿ.

ವಿಮಲಾ