ಹೊಗಳಿ ಬರೆದವಳು ನಾನೇ

ಪುಟ್ಟೀ,

ತಿಂಡಿ ಮುಚ್ಚಿಟ್ಟಿದ್ದೇನೆ. ತಿಂದ ಮೇಲೆ ಮುಂದಕ್ಕೆ ಓದು.

ನಿನ್ನ ಬಡಗಿ ಕೆಲಸ ಹೊಗಳಿ ಫೋನಿನಲ್ಲಿ ಬಂದ ಐದು ರಿವ್ಯೂಗಳನ್ನು ನಿನ್ನೆ ಊಟಕ್ಕೆ ಕೂತಾಗ ಓದಿ ಹೇಳಿ, ಕಣ್ಣೊರೆಸಿಕೊಂಡೆಯಲ್ಲ, ಐದನ್ನೂ ಬರೆದವಳು ನಾನೇ. ಕೆಲಸ ಬರುತ್ತಿಲ್ಲವೆಂದು ನೀನು ಕೊರಗುವುದನ್ನು ನೋಡಲಾಗಲಿಲ್ಲ. ನನ್ನ ಹತ್ತಿರ ಮೆಸೇಜು ಓದಿಸಿಕೊಳ್ಳಲು ಬರುವ ಅಕ್ಕಪಕ್ಕದವರ ಫೋನಿನಿಂದ, ಅವರಿಗೂ ಹೇಳದೆ ಬರೆದೆ. ಮುದಿವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಕಲಿತ ಅಕ್ಷರ ಇಂಥದ್ದಕ್ಕಾಯಿತು.

ನಿನಗೆ ಮುಖ ತೋರಿಸಲಾರದೆ ಬೇಗ ಹೊರಟಿದ್ದೇನೆ. ಐದು ಮನೆಗೂ ಹೋಗಿ, ತಪ್ಪಾಯಿತೆಂದು ಹೇಳಿ, ಅಳಿಸಿ ಬರುತ್ತೇನೆ. "ಅಮ್ಮಾ, ನಿಂಗ್ಯಾಕೆ ಬೇಕಿತ್ತು ಈ ಉಸಾಬರಿ?" ಅಂತ ಬೈ, ಬೇಡವೆನ್ನುವುದಿಲ್ಲ.

ನೀನು ಓದದೆ ದಾಟಿಸಿದ ಆರನೆಯದು ಮಾತ್ರ ನಿಜವಾದ ಗಿರಾಕಿಯದು. ಟೀಚರಮ್ಮನ ಬೀರು ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವಂತೆ. ಕೀಸುಳಿ ತೆಗೆದುಕೊಂಡು ಇವತ್ತೇ ಹೋಗು.

ಅಮ್ಮ